ಬೆನ್ನಿಗೆ ಬೆನ್ನು ಮಾಡಿ ನಿಂತ ಜಾಗಗಳು

11 ನವೆಂಬರ್, ಸೋಮವಾರ

ಮತ್ತೆ ಬೂದಿ. ಮಾಳಿಗೆ ಮೇಲೆ ಒಣಹಾಕಿದ ಬಿಳಿ ಚೂಡಿದಾರದ ತುಂಬ ರೈಸ್ ಮಿಲ್ಲಿನ ಕರಿ ಬೂದಿ. ಎರಡನೇ ಸಲ ಒಗೆದು ಹಾಕಿದೆ. ಮನೆ ಒಡತಿ ಸಕೀನಾಬೀ ಕೆಳಗಿನಿಂದಲೇ ಹೇಳಿದರು: “ಸಿಂಧನೂರಾಗ ಬಿಳಿ ಅರಿಬಿ ಇಬ್ರಿಗೇ ಬೇಟಾ. ಒಬ್ರು ಡಾಕ್ಟರು, ಇನ್ನೊಬ್ರು ಗೋರಿಗೆ ಹೋಗೋ ಮಯ್ಯತ್ತು.” ನಗು ಬಂತು. ತಿರುಗಿ ಏನು ಹೇಳಬೇಕೆಂದು ಹೊಳೆಯುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು. ಯಾವಾಗಲೂ ಹೀಗೇ.

ಜವಳಗೇರಾ ಕಡೆ ಸರ್ವೆಯ ಮೂರು ಪಾಯಿಂಟ್ ಮುಗಿದವು. ಮೂರೂ ಭತ್ತ. ಕೊಯ್ಲಿಗೆ ಬಂದ ಭತ್ತದ ನಡುವೆ ಸೊಂಟದವರೆಗೆ ಮುಳುಗಿ ನಿಂತಿದ್ದೆವು, ನಾನು ಮತ್ತು ನನ್ನ ಜೋಡಿ ನಂದಿನಿ. ಭೂಪಟದ ಪ್ರಕಾರ ಅದು ಮುಳ್ಳುಕಾಡಿನ ನಟ್ಟನಡುವೆ.

ನಮ್ಮ ರಾಯಚೂರಿನ ಆಫೀಸಿನ ಗೋಡೆಯ ಮೇಲೆ ಆ ಭೂಪಟ ಇದೆ. ಇಡೀ ಲೋಕದ್ದು. ದೇಶಗಳಿಲ್ಲ, ರಾಜ್ಯಗಳಿಲ್ಲ, ಊರುಗಳ ಹೆಸರಿಲ್ಲ. ಎಲ್ಲಿ ಯಾವ ಗಿಡ, ಯಾವ ಹುಲ್ಲು, ಯಾವ ಪ್ರಾಣಿ ತಾನಾಗಿ ಬದುಕುತ್ತದೆ ಎಂಬುದರ ಮೇಲೆ ಬಣ್ಣ. ಸಿಂಧನೂರು, ಮಸ್ಕಿ, ಲಿಂಗಸೂಗೂರು ಮೂರೂ ಒಂದೇ ಕಂದುಬಣ್ಣದೊಳಗೆ. ದಖ್ಖನ್ನಿನ ಮುಳ್ಳುಕುರುಚಲು. ಆದರೆ ಆ ಬಣ್ಣ ಆಕಾಶದಿಂದ ನೋಡಿ ಹಚ್ಚಿದ್ದು. ಒಳಗೆ ಇವತ್ತು ಏನು ಉಳಿದಿದೆ, ಯಾವುದನ್ನು ಕಾಪಾಡಬಹುದು — ನೆಲದ ಮೇಲೆ ನಿಂತು ನೋಡಿ ಹೇಳಬೇಕು. ಅದಕ್ಕೆ ನಾವು.

ಕೆಲಸದ ಕ್ರಮ ಇಷ್ಟು. ಮೊಬೈಲ್ ತೋರಿಸಿದ ಜಾಗಕ್ಕೆ, ಅಂದರೆ ಪಾಯಿಂಟಿಗೆ, ಇಬ್ಬರು ಹೋಗಬೇಕು. ಬೆನ್ನಿಗೆ ಬೆನ್ನು ಮಾಡಿ ನಿಲ್ಲಬೇಕು. ನಿಧಾನಕ್ಕೆ ಒಂದು ಸುತ್ತು ತಿರುಗಿ, ಆಮೇಲೆ ಬೇಕಾದಷ್ಟು ಅಡ್ಡಾಡಿ ನೋಡಿ, ಅವರವರ ಮೊಬೈಲಿನಲ್ಲಿ ಗುರುತು ಹಾಕಬೇಕು. ಮುಳ್ಳುಕುರುಚಲೋ, ಎಲೆ ಉದುರುವ ಕಾಡಿನ ಉಳಿಕೆಯೋ, ಹುಲ್ಲುಬಯಲೋ, ಬಳ್ಳಾರಿ ಜಾಲಿಯೋ, ಹೊಲವೋ. ಒಬ್ಬರದು ಒಬ್ಬರು ನೋಡಬಾರದು. ಆ ಜಾಗದ ಬಗ್ಗೆ ಮಾತಾಡಬಾರದು — ಅಲ್ಲೂ, ಆಮೇಲೂ. “ಮಾತಾಡಿದರೆ ನಾಲ್ಕು ಕಣ್ಣು ಎರಡಾಗ್ತಾವ” ಎಂದಿದ್ದರು ಟ್ರೇನಿಂಗಿನಲ್ಲಿ ರಾಯಚೂರು ಆಫೀಸಿನ ಪದ್ಮಾವತಿ ಮೇಡಂ.

ನನಗೆ ಈ ನಿಯಮ ಹಿಡಿಸಿದೆ. ಮಾತಾಡದೇ ಇರುವುದೇ ಕೆಲಸ ಎನ್ನುವ ನೌಕರಿ ಬೇರೆ ಎಲ್ಲಿ ಸಿಗುತ್ತದೆ...

14 ನವೆಂಬರ್, ಗುರುವಾರ

ನಂದಿನಿ ಮಸ್ಕಿಯವಳು. ಲಾಲಪ್ಪ ಮಾಸ್ತರ ಮಗಳು. ಬಿ.ಎಸ್ಸಿ. ಮಾಡಿದ್ದಾಳೆ. ಬೆಳಿಗ್ಗೆ ಮಸ್ಕಿಯಿಂದ ಸ್ಕೂಟಿಯಲ್ಲಿ ಬರುತ್ತಾಳೆ. ದಾರಿಯುದ್ದ ಮಾತು. ಗಾಳಿಗೆ ಅರ್ಧ ಹಾರಿಹೋಗುತ್ತದೆ, ಉಳಿದರ್ಧಕ್ಕೆ ನಾನು “ಹ್ಞೂಂ” ಎನ್ನುತ್ತೇನೆ.

“ಲೇ ಕುಮಾರಿ, ನೀ ಕನ್ನಡ ಎಂ.ಎ. ಮಾಡಿದ್ದು ಬಾಯಿ ಮುಚಗೊಂಡು ಕುಂದ್ರಾಕೇನ?”

“ಹ್ಞೂಂ.”

“ನೋಡು, ಎರಡು ವರ್ಷ ಓದಿ ಒಂದ ಅಕ್ಷರ ಕಲತಾಳ.”

ಪಾಯಿಂಟಿಗೆ ಹೋದಮೇಲೆ ಮಾತ್ರ ಅವಳೂ ಸುಮ್ಮನಾಗುತ್ತಾಳೆ. ಬೆನ್ನಿಗೆ ಬೆನ್ನು ತಾಗುವುದಿಲ್ಲ, ಆದರೆ ಬಿಸಿ ಗೊತ್ತಾಗುತ್ತದೆ. ಇಡೀ ದಿನದಲ್ಲಿ ಒಬ್ಬ ಮನುಷ್ಯರ ಇಷ್ಟು ಹತ್ತಿರ ನಿಲ್ಲುವುದು ಅಷ್ಟೇ ಹೊತ್ತು. ಗುಲಬರ್ಗಾದ ಹಾಸ್ಟೆಲಿನಲ್ಲಿ ನಾಲ್ಕು ಜನರ ರೂಮಿನಲ್ಲಿದ್ದೆ. ಅಲ್ಲಿ ಯಾರ ಬಿಸಿಯೂ ತಾಗಿದ ನೆನಪಿಲ್ಲ.

21 ನವೆಂಬರ್, ಗುರುವಾರ

ಒಂದು ಆಟ ಸಿಕ್ಕಿದೆ. ಅವಳು ಯಾವುದಕ್ಕೆ ಗುರುತು ಹಾಕುತ್ತಾಳೆ ಎಂದು ನೋಡದೆಯೇ ಹೇಳುವುದು.

ಮುಳ್ಳುಕುರುಚಲಾದರೆ ಬಗ್ಗುತ್ತಾಳೆ. ಟೊಂಗೆ ಮುರಿದು ಮೂಸುತ್ತಾಳೆ. ಬೀಳುಬಿಟ್ಟ ಹೊಲವಾದರೆ ಚಪ್ಪಲಿ ತುದಿಯಿಂದ ಮಣ್ಣು ಕೆದರುವ ಸದ್ದು. ಬಳ್ಳಾರಿ ಜಾಲಿಯಾದರೆ ನಾಲಗೆ ಲೊಚಗುಟ್ಟುತ್ತಾಳೆ, ಯಾರೋ ಬೇಡದ ನೆಂಟರು ಬಂದಹಾಗೆ. ಹುಲ್ಲುಬಯಲಾದರೆ ನೆಟ್ಟಗೆ ನಿಂತು ಉಸಿರು ಬಿಡುತ್ತಾಳೆ. ಸದ್ದು ಕೇಳಿದರೆ ಸಾಕು, ತಿರುಗಿ ನೋಡುವುದೇ ಬೇಡ.

ಇವತ್ತು ತುರವಿಹಾಳದ ಕಡೆ ಒಂದು ದಿನ್ನೆ. ನನಗೆ ಏನೂ ತಿಳಿಯಲಿಲ್ಲ. ಮುಳ್ಳಿನ ಬಾರಿಗಿಡವೂ ಇದೆ, ಜಾಲಿಯೂ ಇದೆ, ಹಳೆಯ ಬದುವಿನ ಕಲ್ಲೂ ಇದೆ. ಟ್ರೇನಿಂಗಿನ ಫೋಟೋಗಳಲ್ಲಿ ಎಲ್ಲ ಬೇರೆ ಬೇರೆ ಇತ್ತು, ಇಲ್ಲಿ ಎಲ್ಲ ಒಟ್ಟಿಗೆ. ಬೆರಳು ಪರದೆಯ ಮೇಲೆ ಸುಮ್ಮನೆ ನಿಂತಿತ್ತು. ಅಷ್ಟರಲ್ಲಿ ಹಿಂದೆ ಟೊಂಗೆ ಮುರಿದ ಸದ್ದು. ಮೂಸಿದ ಸದ್ದು.

ಮುಳ್ಳುಕುರುಚಲು ಎಂದು ಒತ್ತಿದೆ. ಎದೆ ಹಗುರವಾಯಿತು.

2 ಡಿಸೆಂಬರ್, ಸೋಮವಾರ

ಹತ್ತು ದಿನ ಬರೆದಿಲ್ಲ. ಬರೆಯುವ ಹಸಿವೇ ಇರಲಿಲ್ಲ. ಸಂಜೆ ರೂಮಿಗೆ ಬಂದರೆ ಆ ದಿನದ ಸದ್ದುಗಳೇ ಕಿವಿಯಲ್ಲಿ ಇರುತ್ತವೆ.

ಈಗ ನೆಲ ನೋಡುವುದು ಕಡಿಮೆ. ನೋಡುವ ಹಾಗೆ ತಿರುಗುತ್ತೇನೆ. ಕೇಳುತ್ತೇನೆ. ಒತ್ತುತ್ತೇನೆ. ತಪ್ಪೇ? ಅವಳ ಮೊಬೈಲ್ ನೋಡಿಲ್ಲ, ಒಂದು ಮಾತು ಆಡಿಲ್ಲ. ಅವಳಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲ ಅಷ್ಟೆ. ಅವಳು ಕಂಡದ್ದೇ ಸರಿ ಇರುತ್ತದೆ. ಸರಿಯಾದದ್ದನ್ನು ಎರಡು ಸಲ ಬರೆದರೆ ಯಾರಿಗೆ ನಷ್ಟ.

ಮಧ್ಯಾಹ್ನ ಮಸ್ಕಿಯಲ್ಲಿ ಅವರ ಮನೆಗೆ ಕರೆದಳು. ಲಾಲಪ್ಪ ಮಾಸ್ತರು ಪಡಸಾಲೆಯಲ್ಲಿ ಬುದ್ಧನ ಫೋಟೋ ಕೆಳಗೆ ಕುಳಿತು ಪೇಪರ್ ಓದುತ್ತಿದ್ದರು. ಮಾಸ್ತರ ತಾಯಿ ಅಯ್ಯಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಎರಡು ರೊಟ್ಟಿ ಉಂಡೆ. ಮೂರನೆಯದನ್ನು ಕೇಳದೆ ಹಾಕಿದರು. ಅದನ್ನೂ ಉಂಡೆ.

ಊಟದ ನಡುವೆ ಅವ್ವನ ಫೋನ್. ಲಿಂಗಸೂಗೂರಿನಿಂದ ಅವ್ವ ಮಾತಾಡಿದರೆ ಫೋನು ಕಿವಿಯಿಂದ ದೂರ ಹಿಡಿದರೂ ಕೇಳುತ್ತದೆ.

“ಎಲ್ಲಿದಿ? ಯಾರ ಮನ್ಯಾಗ? ಯಾರ ಪೈಕಿ ಅವ್ರು?”

“ಆಮ್ಯಾಲೆ ಮಾತಾಡ್ತೀನಿ ಬೇ” ಎಂದು ಇಟ್ಟೆ. ಅಯ್ಯಮ್ಮ ನೀರಿನ ಚೊಂಬು ತುಂಬಲು ಒಳಗೆ ಹೋದರು. ಮಾಸ್ತರು ಪೇಪರಿನ ಹಾಳೆ ತಿರುವಿದರು. ನಂದಿನಿ ಮಾತ್ರ ನಕ್ಕಳು. “ನಿಮ್ಮವ್ವಗ ಹೇಳು, ರೊಟ್ಟಿ ಜೋಳದ ಪೈಕಿ ಅಂತ.”

ನಾನೂ ನಕ್ಕೆ. ಬೇರೆ ಏನಾದರೂ ಹೇಳಬೇಕಿತ್ತು.

13 ಡಿಸೆಂಬರ್, ಶುಕ್ರವಾರ

ಪಾಮನಕಲ್ಲೂರಿನ ಆಚೆ ಗುಡ್ಡ. ಈ ಸುತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಯಿಂಟ್. ಕಾಲುವೆ ನೀರು ಇತ್ತ ಬರುವುದಿಲ್ಲ, ಕೆಳಗೆಲ್ಲ ತೊಗರಿ, ಜೋಳ. ಮೇಲೆ ಬಂಡೆ, ಬಂಡೆಯ ಸಂದಿಯಲ್ಲಿ ಮುಳ್ಳು. ನಂದಿನಿ ಬಹಳ ಹೊತ್ತು ಅಡ್ಡಾಡಿದಳು. ಮುರಿದಳು, ಮೂಸಿದಳು. ನಾನು ಬಂಡೆಯ ಮೇಲೆ ನಿಂತು ಕೇಳಿದೆ. ಮುಳ್ಳುಕುರುಚಲು. ಇಬ್ಬರದೂ ಮುಗಿಯಿತು.

ಇಳಿಯುವ ಮುಂಚೆ ಕುಳಿತೆವು. ಜಾಗದ ಬಗ್ಗೆ ಮಾತಾಡಬಾರದು, ಬೇರೆ ಮಾತಾಡಬಹುದು. ಅವಳೇ ಶುರು ಮಾಡಿದಳು.

“ಈ ಸುತ್ತು ಮುಗದಮ್ಯಾಲೆ ರಾಯಚೂರಾಗ ಭೂಪಟ ತಿದ್ದೋ ಟೀಮಿಗೆ ಒಬ್ರನ್ನ ತಗೋತಾರಂತ. ನಂಗ ಹೋಗಬೇಕು ಬೇ.”

“ನಿನ್ನೇ ತಗೋತಾರ.”

“ಹಂಗ ಅನಬ್ಯಾಡ, ದೃಷ್ಟಿ ಆಕ್ಕತಿ.” ಸ್ವಲ್ಪ ಹೊತ್ತು ಕಲ್ಲು ಆರಿಸಿ ಕೆಳಗೆ ಎಸೆದಳು. “ಯಾಕ ಗೊತ್ತೈತೇನ? ಈ ಕೆಲಸದಾಗ ನಾ ಯಾರ ಮಗಳು ಅಂತ ಯಾರೂ ಕೇಳಂಗಿಲ್ಲ. ಗಿಡ ಯಾವ್ದು ಅಂತ ಕೇಳ್ತಾರ. ಅದಕ್ಕ ನಂಗ ಉತ್ತರ ಬರ್ತತಿ.”

ಹ್ಞೂಂ ಎನ್ನಲಿಲ್ಲ ಇವತ್ತು. ಅದು ಸಾಲದು ಅನ್ನಿಸಿತು. ಒಂದು ಕಲ್ಲು ಆರಿಸಿ ಅವಳ ಕೈಗೆ ಕೊಟ್ಟೆ. ಎಸೆದಳು. ದೂರ ಹೋಯಿತು.

ಇಷ್ಟು ಒಳ್ಳೆಯ ದಿನ ಯಾವುದಿತ್ತು, ನೆನಪಾಗುತ್ತಿಲ್ಲ.

30 ಡಿಸೆಂಬರ್, ಸೋಮವಾರ

ಬಸವಂತರಾಯ ಸರ್ ನನ್ನನ್ನು ಲಿಂಗಸೂಗೂರಿಗೆ ಕರೆಸಿದ್ದರು. ಒಬ್ಬಳನ್ನೇ. ಮೂರು ತಾಲೂಕಿನ ಉಸ್ತುವಾರಿ ಅವರದೇ. ನಮ್ಮ ಓಣಿಯವರು, ಅಪ್ಪನ ಕಿರಾಣಿ ಅಂಗಡಿಯ ಹಳೆಯ ಗಿರಾಕಿ.

ಸುತ್ತಿನ ಲೆಕ್ಕ ಬಂದಿದೆ. ಬೇರೆ ಜೋಡಿಗಳು ಹತ್ತರಲ್ಲಿ ಎಂಟು ಜಾಗ ಒಪ್ಪಿದ್ದಾರೆ. ನಾವು ಒಂದೂ ಬಿಡದೆ ಎಲ್ಲ ಒಪ್ಪಿದ್ದೇವೆ. ಕಷ್ಟದ ಜಾಗಗಳಲ್ಲೂ.

“ಇದು ಆಗೋ ಮಾತಲ್ಲವ್ವ. ಗಂಡ ಹೆಂಡ್ತಿನೂ ಇಷ್ಟು ಒಪ್ಪಂಗಿಲ್ಲ.” ತಾವೇ ನಕ್ಕರು. “ಇಬ್ರು ಒಪ್ಪಿದ್ರು ಅಂದ್ರ ಭೂಪಟದಾಗ ಅದು ಖಾತ್ರಿ ಅಂತ ಕೂಡ್ತತಿ. ಅದರ ಮ್ಯಾಲೆ ಮುಂದ ಯಾವ ಗುಡ್ಡ ಕಾಯಬೇಕು, ಯಾವುದು ಬಿಡಬೇಕು ಅಂತ ನಿರ್ಣಯ ಆಗ್ತತಿ. ಇದು ನಕಲು. ರಾಯಚೂರಿನಾಗ ಎಲ್ರಿಗೂ ಗೊತ್ತಾಗೈತಿ.”

ಕುರ್ಚಿಯ ತುದಿಗೆ ಸರಿದೆ.

“ಯಾರು ಯಾರದು ನೋಡಿ ಮಾಡ್ಯಾರ ಅಂತ ನಾ ಕೇಳೂದಿಲ್ಲ. ನನಗ ಗೊತ್ತೈತಿ. ನೀ ಓದಿದಾಕಿ, ಮನೆತನದ ಹುಡುಗಿ. ನಿನ್ನ ಭಿಡೆ ಸ್ವಭಾವ. ಆಕಿ ಪಕ್ಕದಾಗ ನಿಂತು ಇಣುಕಿದ್ರ ನೀ ಬ್ಯಾಡ ಅನ್ನಾಕಿ ಅಲ್ಲ. ನಿನಗ ಬ್ಯಾರೆ ಜೋಡಿ ಕೊಡ್ತೀವಿ. ಆಕೀದು ನಾವು ನೋಡ್ಕೋತೀವಿ.”

ಬಾಯಿ ತೆರೆದೆ. ಚಹಾ ಬಂತು. ಚಹಾ ಕುಡಿದೆ. ಎದ್ದು ಬಂದೆ.

ಇಷ್ಟೇ ನಡೆದದ್ದು. ಚಹಾ ಕುಡಿದು ಎದ್ದು ಬಂದೆ.

31 ಡಿಸೆಂಬರ್, ಮಂಗಳವಾರ

ನಂದಿನಿಯ ಮೂರು ಮಿಸ್ಡ್ ಕಾಲ್. ಮೆಸೇಜ್: “ಏನಂದ್ರು? ಟೀಮಿನ ಮಾತಾ?”

ಸಂಜೆ ಸಕೀನಾಬೀ ಹೊಸ ವರ್ಷದ ಕೇಕಿನ ತುಂಡು ತಂದುಕೊಟ್ಟರು. ಮುಖ ನೋಡಿ ಏನೂ ಕೇಳದೆ ಹೋದರು. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.

3 ಜನವರಿ, ಶುಕ್ರವಾರ

ಮತ್ತೆ ಲಿಂಗಸೂಗೂರು. ಬಸ್ಸಿನಲ್ಲಿ ಮುದಗಲ್ಲಿಗೆ ಹೋಗುವ ಒಬ್ಬ ಅಜ್ಜಿ ಪಕ್ಕ ಕುಳಿತು, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಉರು ಹಾಕಿದೆ. ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದೆ:

“ಸರ್, ಆಕಿ ನಂದು ನೋಡಿಲ್ಲ. ನಾನೇ ಆಕೀದು ನೋಡಿ ಹಾಕೀನಿ. ಮೊಬೈಲ್ ನೋಡಿಲ್ಲ. ಆಕಿ ಏನೇನು ಮಾಡ್ತಾಳ, ಯಾವಾಗ ಬಗ್ತಾಳ, ಯಾವಾಗ ಮುರೀತಾಳ, ಅದನ್ನ ಕೇಳಿ ಹಾಕೀನಿ.”

ಬಸವಂತರಾಯ ಸರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕಣ್ಣಲ್ಲಿ ಎಂಥ ಅಕ್ಕರೆ.

“ಕುಂದ್ರವ್ವ. ನೀ ಹಿಂಗ ಹೇಳ್ತಿ ಅಂತ ನನಗ ಗೊತ್ತಿತ್ತು. ನಿಮ್ಮಪ್ಪನೂ ಹಿಂಗ. ಬ್ಯಾರೆದೋರ ತಪ್ಪು ತನ್ನ ಮ್ಯಾಲೆ ಹಾಕ್ಕೊಳ್ಳೋ ಮನಷ್ಯಾ.”

“ಹಂಗಲ್ಲ ಸರ್—”

“ಸದ್ದು ಕೇಳಿ ಹಾಕಿದೆ ಅಂತಿಯಲ್ಲ, ಯಾರರ ನಂಬೋ ಮಾತೇನಿದು? ಕಥಿ ಬರೆಯೋರು ನೀವು, ನಿಮಗ ಇಂಥಾವು ಹೊಳೀತಾವ. ಗೆಳತಿ ಮ್ಯಾಲೆ ಕನಿಕರ ಇರಲಿ. ಆದ್ರ ನೌಕರಿ ಬ್ಯಾರೆ.”

ನಿಜ ಹೇಳಿದೆ. ಅದು ಅವರ ಕಿವಿಗೆ ಹೋಗುವಷ್ಟರಲ್ಲಿ ಒಳ್ಳೆಯತನವಾಗಿ ಬದಲಾಯಿತು. ನನ್ನ ಹೆಸರು, ನನ್ನ ಅಪ್ಪನ ಅಂಗಡಿ, ನನ್ನ ಭಿಡೆ, ಎಲ್ಲ ಸೇರಿ ನನ್ನನ್ನು ಕಾಪಾಡುತ್ತಿವೆ. ಬಿಡಿಸಿಕೊಳ್ಳಲು ಬರುತ್ತಿಲ್ಲ.

4 ಜನವರಿ, ಶನಿವಾರ

ಮಸ್ಕಿ ಬಸ್‌ಸ್ಟ್ಯಾಂಡಿನ ಹಿಂದೆ, ಅವಳ ಸ್ಕೂಟಿ ಪಕ್ಕ ನಿಂತು ಎಲ್ಲ ಹೇಳಿದೆ. ಮೊದಲಿನಿಂದ. ಅವಳಿಗೆ ರಾಯಚೂರಿನಿಂದ ಆಗಲೇ ಫೋನ್ ಬಂದಿತ್ತು. ನಕಲು ಎಂಬ ಪದ ಕೇಳಿಸಿಕೊಂಡಿದ್ದಳು, ಯಾರದು ಎಂದು ತಿಳಿದಿರಲಿಲ್ಲ.

“ನನ್ನ ಚಪ್ಪಲಿ ಸದ್ದು ಕೇಳಿ ಹಾಕಿದಿ?”

“ಹ್ಞೂಂ.”

“ನಾ ಮೂಸಿದ್ದು ಕೇಳಿ?”

ತಲೆ ಆಡಿಸಿದೆ.

“ಎಷ್ಟು ಜಾಗ?”

“ಮೊದಲ ವಾರ ಬಿಟ್ಟು ಎಲ್ಲಾ.”

ಕೂಗುತ್ತಾಳೆ ಎಂದುಕೊಂಡೆ. ಇಲ್ಲ. ಕೀ ಹಾಕಿ ತೆಗೆದು ಹಾಕಿ ತೆಗೆದು ಮಾಡಿದಳು.

“ನನಗ ಖಾತ್ರಿ ಇರ್ಲಾರದ ಜಾಗ ಎಷ್ಟು ಇದ್ದವು ಗೊತ್ತೈತೇನ ನಿನಗ? ಇರ್ಲಿ, ನಾ ತಪ್ಪಿದ್ರ ಕುಮಾರಿ ಅದಾಳ ಹಿಂದ, ಆಕಿ ಕಣ್ಣಿಗೆ ಬಿದ್ದಿರ್ತತಿ ಅಂದ್ಕೊಂಡು ಒತ್ತೀನಿ. ಎರಡು ತಿಂಗಳು ನನ್ನ ಬೆನ್ನ ಹಿಂದ ಒಬ್ಬಾಕಿ ನಿಂತಾಳ ಅಂತ ತಿಳಕೊಂಡಿದ್ದೆ. ಯಾರೂ ಇರಲೇ ಇಲ್ಲಲ್ಲ.”

ಬಸವಂತರಾಯ ಸರ್ ಹತ್ತಿರ ಹೋಗಿ ಹೇಳಿದ್ದೇನೆ ಎಂದೆ. ನಂಬಲಿಲ್ಲ ಎಂದೂ ಹೇಳಿದೆ. ಅವಳ ಮುಖ ಆಗ ಕೆಟ್ಟಿತು.

“ನಂಬೂದಿಲ್ಲ. ಹೆಂಗ ನಂಬ್ತಾರ? ಇಪ್ಪತ್ತಮೂರು ವರ್ಷದಿಂದ ನೋಡಾಕತ್ತೀನಿ. ನನ್ನ ಪರವಾಗಿ ಮಾತಾಡಾಕ ಹೋಗಬ್ಯಾಡ ಇನ್ನ. ನಾ ಮಾತಾಡ್ತೀನಿ.”

ಅಲ್ಲೇ ನನ್ನೆದುರೇ ರಾಯಚೂರಿಗೆ ಫೋನ್ ಹಚ್ಚಿದಳು. ಪದ್ಮಾವತಿ ಮೇಡಂಗೆ. “ಮೇಡಂ, ಎಲ್ಲಾ ಜಾಗಕ್ಕೂ ಮತ್ತ ಹೋಗ್ತೀವಿ ರೀ. ಬ್ಯಾರೆ ಬ್ಯಾರೆ ದಿನ. ಒಬ್ಬೊಬ್ರ. ಯಾರದು ಬದಲಾಗ್ತತಿ ಅವರೇ ನಕಲು ಮಾಡ್ಯಾರ ಅಂತ ತಿಳೀರಿ.”

ಫೋನ್ ಇಟ್ಟು ಸ್ಕೂಟಿ ಹತ್ತಿದಳು. ಲೇ ಎನ್ನಲಿಲ್ಲ. ಹೋಗ್ತೀನಿ ಎನ್ನಲಿಲ್ಲ.

20 ಜನವರಿ, ಸೋಮವಾರ

ಮೇಡಂ ಒಪ್ಪಿದ್ದಾರೆ. ಹಳೆಯ ಗುರುತುಗಳನ್ನು ಮೊಬೈಲಿನಿಂದ ತೆಗೆದುಹಾಕಿದ್ದಾರೆ. ಅವಳು ಮಸ್ಕಿ ಕಡೆಯಿಂದ, ನಾನು ಸಿಂಧನೂರು ಕಡೆಯಿಂದ ಶುರು. ಎದುರಾಗಬಾರದು.

ಇವತ್ತು ಜವಳಗೇರಾಕ್ಕೆ ಬಸ್ಸಿನಲ್ಲಿ ಒಬ್ಬಳೇ ಹೋದೆ. ಹೊಸ ನಾಟಿ. ನೀರು ನಿಂತ ಗದ್ದೆಯಲ್ಲಿ ಆಳುಗಳು ಸಾಲಾಗಿ ಬಗ್ಗಿದ್ದಾರೆ. ಭತ್ತ ಭತ್ತವೇ. ಇದರಲ್ಲಿ ತಪ್ಪುವುದಕ್ಕೆ ಏನಿಲ್ಲ.

ಮೊಬೈಲಿನಿಂದ ತೆಗೆದಿದ್ದಾರೆ ನಿಜ, ತಲೆಯಿಂದ ತೆಗೆದಿಲ್ಲ. ಪ್ರತಿ ಜಾಗದಲ್ಲೂ ಅವಳು ಏನು ಮಾಡಿದಳು ಎಂಬುದು ನನಗೆ ಬಾಯಿಪಾಠ. ಅದನ್ನೇ ಒಪ್ಪಿಸಿದರೆ ನಾನು ಉಳಿಯುತ್ತೇನೆ. ಆಗ ಇಬ್ಬರದೂ ಬದಲಾಗಿಲ್ಲ ಎಂದಾಗುತ್ತದೆ, ಬಸವಂತರಾಯ ಸರ್ ನಂಬಿದ್ದೇ ನಿಲ್ಲುತ್ತದೆ. ಅವಳು ಮುಳುಗುತ್ತಾಳೆ.

ನೆನಪನ್ನು ಪಕ್ಕಕ್ಕಿಟ್ಟು ನೋಡಬೇಕು. ನೋಡಿ ಗೊತ್ತಾಗದಿದ್ದರೆ ನನ್ನ ಕಣ್ಣಿಗೆ ಕಂಡಷ್ಟನ್ನೇ ಒತ್ತಬೇಕು.

23 ಜನವರಿ, ಗುರುವಾರ

ತುರವಿಹಾಳದ ದಿನ್ನೆ. ಒಬ್ಬಳೇ ನಿಂತು ಒಂದು ಸುತ್ತು ತಿರುಗಿದೆ. ಬೆನ್ನ ಹಿಂದೆ ಬಯಲು. ಗಾಳಿ ನೇರ ಬೆನ್ನಿಗೇ ಬಡಿಯಿತು. ಟೊಂಗೆ ಮುರಿದು ಮೂಸಿದೆ — ಹಸಿ ವಾಸನೆ, ಅಷ್ಟೆ. ಅವಳು ಇದರಲ್ಲಿ ಏನನ್ನು ಮೂಸುತ್ತಿದ್ದಳು?

ಹುಲ್ಲುಬಯಲು ಎಂದು ಒತ್ತಿದೆ. ನನ್ನ ಕಣ್ಣಿಗೆ ಹುಲ್ಲೇ ಹೆಚ್ಚು ಕಂಡಿತು. ತಪ್ಪಿರಬಹುದು. ನನ್ನದೇ ತಪ್ಪು.

ಕುರಿ ಕಾಯುವವರೊಬ್ಬರು ದೂರದಿಂದ ಕೇಳಿದರು, “ಏನವ್ವ, ಏನರ ಕಳಕೊಂಡಿಯೇನು?”

“ಇಲ್ಲ ರೀ.”

“ಮತ್ತ ಯಾಕ ಹುಡಕಾಕತ್ತಿ?”

ಹ್ಞೂಂ ಎಂದೆ. ಅದು ಉತ್ತರವಲ್ಲ ಎಂದು ಬಸ್ಸಿನಲ್ಲಿ ಗೊತ್ತಾಯಿತು.

29 ಜನವರಿ, ಬುಧವಾರ

ಪಾಮನಕಲ್ಲೂರಿನ ಗುಡ್ಡ. ಕೊನೆಯ ಪಾಯಿಂಟ್.

ಹತ್ತುವಾಗಲೇ ದಣಿವು. ಬಂಡೆಯ ಮೇಲೆ ನಿಲ್ಲಲಾಗದೆ ಕೆಳಗೆ ಕುಳಿತೆ. ಕುಳಿತದ್ದರಿಂದ ಕಂಡಿತು. ಪೊದೆಗಳ ಬುಡ. ಮೇಲಿನಿಂದ ನೋಡಿದರೆ ಮೊಣಕಾಲೆತ್ತರದ ಪೊದೆ, ಆಡು ಮೇಯ್ದು ಮೇಯ್ದು ಬೋಳಾದ ಕಡ್ಡಿಗಳು. ಕೆಳಗೆ ಮಣ್ಣಿನ ಮಟ್ಟದಲ್ಲಿ ಒಂದು ಬುಡ ನನ್ನ ಎರಡು ಅಂಗೈ ಅಗಲ. ಎಂದೋ ಕೊಡಲಿ ಬಿದ್ದ ಬುಡ. ಅದರ ಅಂಚಿನಿಂದ ಎಳೆ ಕಡ್ಡಿಗಳು ಮತ್ತೆ ಮತ್ತೆ ಎದ್ದಿವೆ. ಒಂದು ಕಡ್ಡಿಗೆ ಮೂರೆಲೆ ಉಳಿದಿತ್ತು. ಅಗಲ, ದಪ್ಪ. ಮುತ್ತಲ. ಊಟದ ಎಲೆ ಹಚ್ಚುವ ಮುತ್ತಲ, ನನಗೂ ಗೊತ್ತಿರುವ ಎಲೆ. ಅದಕ್ಕೆ ಮುಳ್ಳಿಲ್ಲ.

ಅಂಬೆಗಾಲಿಟ್ಟು ಮುಂದೆ ಹೋದೆ. ಬಾರಿಗಿಡದ ಸಂದಿಯಲ್ಲಿ ಇನ್ನೊಂದು ಬುಡ. ಮತ್ತೊಂದು. ಮುಳ್ಳು ಆಮೇಲೆ ಬಂದು ಸೇರಿಕೊಂಡದ್ದು. ಮೊದಲಿದ್ದದ್ದು ನೆಲದಲ್ಲಿ ಇನ್ನೂ ಇದೆ, ತಲೆ ಎತ್ತಿದಾಗಲೆಲ್ಲ ಆಡು ಕಡಿಯುತ್ತದೆ.

ಎಲೆ ಉದುರುವ ಕಾಡಿನ ಉಳಿಕೆ.

ಒತ್ತುವ ಮುಂಚೆ ಹೆದರಿಕೆಯಾಯಿತು. ಅವಳು ಮುಳ್ಳುಕುರುಚಲು ಎಂದಿದ್ದಾಳೆ. ನನ್ನದು ಬೇರೆಯಾದರೆ ಅವಳಿಗೆ ಒಳ್ಳೆಯದು. ಅದಕ್ಕಾಗಿಯೇ ಬೇರೆ ಕಾಣುತ್ತಿದೆಯೇ? ಕಣ್ಣು ಮುಚ್ಚಿ ಕುಳಿತೆ. ಬೇರೆ ಎಂದರೆ ಅವಳಿಗೆ ಕೆಟ್ಟದಾಗುತ್ತದೆ ಎಂದೇ ಭಾವಿಸಿಕೊಂಡು ಕಣ್ಣು ತೆರೆದೆ. ಬುಡ ಅಲ್ಲೇ ಇತ್ತು. ಒತ್ತಿದೆ. ಫೋಟೋ ತೆಗೆದೆ.

ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಹಿಂದೆ ತಿರುಗಿಯೂ ಬಿಟ್ಟೆ.

12 ಫೆಬ್ರವರಿ, ಬುಧವಾರ

ಮರುಸುತ್ತಿನ ಲೆಕ್ಕ ಬಂತು. ನಂದಿನಿಯದು ಎಲ್ಲ ಮೊದಲಿನ ಹಾಗೇ. ಎರಡು ಕಡೆ ಮಾತ್ರ ಬದಲು. ನನ್ನದು ಅರ್ಧಕ್ಕರ್ಧ ಬದಲಾಗಿದೆ. ಬದಲಾದದ್ದರಲ್ಲಿ ಬಹಳಷ್ಟು ತಪ್ಪು. ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ.

ಅವಳನ್ನು ರಾಯಚೂರಿನ ಟೀಮಿಗೆ ತೆಗೆದುಕೊಂಡಿದ್ದಾರೆ. ನನ್ನ ಕೆಲಸ ಈ ತಿಂಗಳ ಕೊನೆಗೆ ಮುಗಿಯುತ್ತದೆ.

ಬಸವಂತರಾಯ ಸರ್ ಫೋನ್ ಮಾಡಿದ್ದರು. “ಹಿಂಗಾಗಬಾರದಿತ್ತವ್ವ. ಬಿಸಿಲಾಗ ಒಬ್ಬಾಕೀನ ಕಳಿಸಿದ್ರ ಯಾರರ ಗಾಬರಿ ಆಗ್ತಾರ. ಮನಸಿಗೆ ಹಚ್ಕೋಬ್ಯಾಡ.” ಈಗಲೂ ನಂಬಿಲ್ಲ. ಪುರಾವೆ ಎದುರಿಗಿದೆ, ಅದನ್ನೂ ನನ್ನ ಪರವಾಗಿಯೇ ಓದಿಕೊಂಡರು. ನಂದಿನಿಗೆ ಫೋನ್ ಮಾಡಿದಿರಾ ಸರ್ ಎಂದು ಕೇಳಿದೆ. ಆಫೀಸಿನವರು ಮೆಸೇಜ್ ಹಾಕಿರುತ್ತಾರೆ ಎಂದರು. “ನೀವು ಮಾಡಬೇಕು ಸರ್” ಎಂದೆ. ನನ್ನ ದನಿ ನನಗೇ ಹೊಸದು. ನೋಡೂಣು ಎಂದು ಇಟ್ಟರು.

ರೂಮು ಬಿಡುತ್ತೇನೆ ಎಂದು ಸಕೀನಾಬೀಗೆ ಹೇಳಿದೆ. “ಹೋಗೋದು ಆದ್ರ ಹೋಗು. ಮೊದ್ಲು ಇದನ್ನ ತಿನ್ನು” ಎಂದು ತಟ್ಟೆ ಮುಂದೆ ಇಟ್ಟರು. “ಮೂರು ತಿಂಗಳಾತು ಮ್ಯಾಲೆ ಯಾರೂ ಇಲ್ಲಂಗ ಇದ್ದಿ ನೀ. ಬಾಡಿಗಿ ತಗೊಳ್ಳಾಕ ನಂಗ ನಾಚಿಕಿ ಆಗ್ತಿತ್ತು.”

ರಾತ್ರಿ ಎಂಟಕ್ಕೆ ಪದ್ಮಾವತಿ ಮೇಡಂ ಫೋನು. ಬೈಗುಳಕ್ಕೆ ತಯಾರಾಗಿ ಎದ್ದು ನಿಂತೆ. ಮೇಡಂ ಕೇಳಿದ್ದು ಗುಡ್ಡದ ಬಗ್ಗೆ.

“ಫೋಟೋ ನೋಡ್ದೆ. ಬುಡದ್ದು. ನಂದಿನಿ ಎರಡು ಸಲಾನೂ ಮುಳ್ಳುಕುರುಚಲು ಅಂದಾಳ. ಇದು ನಿನ್ನ ತಪ್ಪಿನ ಲೆಕ್ಕಕ್ಕ ಹಾಕಾಕ ನನಗ ಮನಸಿಲ್ಲ. ಮುಳ್ಳುಕುರುಚಲು ಅಂತ ಬರದ್ರ ಅದನ್ನ ಇದ್ದಂಗ ಬಿಡಬೇಕು. ಕಾಡಿನ ಉಳಿಕೆ ಅಂದ್ರ ಆ ಬುಡಗಳು ಏಳಾಕ ಬಿಡಬೇಕು, ಮೇವು ಬ್ಯಾರೆ ಕಡೆ ಕೊಡಬೇಕು. ಎರಡೂ ಬ್ಯಾರೆ ಬ್ಯಾರೆ ಕೆಲಸ. ಒಂದೇ ಜಾಗಕ್ಕ ಇಬ್ರು ಪ್ರಾಮಾಣಿಕವಾಗಿ ಬ್ಯಾರೆ ಹೇಳಿದ್ರ, ಇಬ್ರೂ ಕೂಡಿ ಹೋಗಿ ಅಲ್ಲೇ ನಿಂತು ಮಾತಾಡಬೇಕು. ಅದು ನಮ್ಮ ಪದ್ಧತಿ. ನಿಮಗ ಅದರ ಪ್ರಸಂಗನೇ ಬಂದಿಲ್ಲ, ನೀವು ಎಂದೂ ಬ್ಯಾರೆ ಹೇಳಿಲ್ಲ.”

“ಆಕಿ ಬರ್ತಾಳೇನ್ರಿ ಮೇಡಂ?”

“ಅದು ಆಕೀ ಕೆಲಸ. ಬರ್ತಾಳ.”

ಫೋನ್ ಇಟ್ಟ ಮೇಲೂ ಬಹಳ ಹೊತ್ತು ನಿಂತೇ ಇದ್ದೆ. ಅವಳ ಹತ್ತಿರ ಇರಬೇಕೆಂದು ಎಲ್ಲದಕ್ಕೂ ಒಪ್ಪುತ್ತ ಹೋದೆ. ಒಪ್ಪಿದವರಿಗೆ ಮಾತೇ ಇರಲಿಲ್ಲ.

18 ಫೆಬ್ರವರಿ, ಮಂಗಳವಾರ, ಗುಡ್ಡದ ಮೇಲೆ

ಬಂದಳು. ನಾನು ಬಸ್ಸಿಳಿದು ನಡೆದು ಬಂದೆ, ಅವಳು ಸ್ಕೂಟಿಯಲ್ಲಿ. ದಾರಿಯಲ್ಲಿ ನನ್ನನ್ನು ದಾಟಿ ಹೋದಳು. ನಿಲ್ಲಿಸಲಿಲ್ಲ. ಮೇಲೆ ಬಂಡೆಯ ಹತ್ತಿರ ಕಾಯುತ್ತಿದ್ದಳು.

“ತೋರಸು” ಎಂದಳು.

ತೋರಿಸಿದೆ. ಮಂಡಿಯೂರಿ ಕುಳಿತು ಬುಡದ ಮಣ್ಣು ಕೈಯಿಂದ ಸರಿಸಿದಳು. ಉಗುರಿನಿಂದ ಕೆರೆದಳು. ನಾನು ಅವಳ ಮುಖ ನೋಡದೆ ಬುಡವನ್ನೇ ನೋಡಿದೆ. ಅದು ಸುಲಭವಿರಲಿಲ್ಲ.

“ಮುತ್ತಲ ಹೌದು. ಆದ್ರ ಒಂದ ಬುಡ ನೋಡಿ ಕಾಡು ಅಂತ ಬರೀತಾರೇನು?”

“ಇನ್ನೂ ಅದಾವ. ಅಲ್ಲಿ ಬಾರಿಗಿಡದ ಕೆಳಗ. ಅಲ್ಲೊಂದು.”

ಹೋಗಿ ನೋಡಿ ಬಂದಳು. “ಇವೆಲ್ಲಾ ನೀರು ಹರಿಯೋ ಕೊರಕಲಗುಂಟ ಅದಾವ. ಕೊರಕಲಿನಾಗ ಎಲ್ಲಾ ಕಡೆ ಮುತ್ತಲ ಇರ್ತಾವ. ಆ ಕಡೆ ಇಳಿಜಾರಿನಾಗ ಬರೇ ಮುಳ್ಳು.”

“ಇಲ್ಲ” ಎಂದೆ.

ತಲೆ ಎತ್ತಿ ನೋಡಿದಳು. ಅವಳಿಗೆ ನಾನು ಇಲ್ಲ ಎಂದದ್ದು ಇದೇ ಮೊದಲು.

“ಏನು ಇಲ್ಲ? ಆ ಕಡೆ ನೋಡಿಯೇನು ನೀ?”

“ನೋಡಿಲ್ಲ. ನೀ ನೋಡಿಯೇನು? ಬಗ್ಗಿ ನೋಡಿಯೇನು?”

ಅವಳಿಗೆ ಸಿಟ್ಟು ಇದೆ ಇನ್ನೂ, ಎಲ್ಲ ಇದೆ. ಆದರೆ ಹುಬ್ಬು ಗಂಟುಹಾಕಿ ಆ ಇಳಿಜಾರಿನ ಕಡೆ ನೋಡಿದ ರೀತಿ ಬೇರೆ ಇತ್ತು. ದುಪಟ್ಟಾ ಸೊಂಟಕ್ಕೆ ಕಟ್ಟಿದಳು.

“ನಾ ನೋಡಿ ಬರ್ತೀನಿ. ನೀ ಇಲ್ಲೇ ಕುಂದ್ರು. ಆ ಕಡೆ ಮುಖ ಮಾಡು. ಆಮ್ಯಾಲೆ ನೀ ಹೋಗು, ನಾ ಕುಂದರ್ತೀನಿ. ಲೇ... ಈ ಸಲ ನನ್ನ ಸದ್ದು ಕೇಳಬ್ಯಾಡ.”

ಇಳಿದು ಹೋದಳು. ಕೆಳಗೆ ತೊಗರಿ ಕಟಾವಾದ ಹೊಲ, ಆಚೆ ಮಸ್ಕಿಯ ದಾರಿ. ಅತ್ತ ಮುಖ ಮಾಡಿ ಮೊಣಕಾಲ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ, ಬರೆಯುತ್ತಿದ್ದರೆ ಕೇಳುವುದಿಲ್ಲ ಎಂದು. ಸುಳ್ಳು. ಕೇಳುತ್ತಿದೆ. ಒಂದು ಕಲ್ಲು ಉರುಳಿತು. ನಿಂತಳು. ಎಷ್ಟು ಹೊತ್ತು ನಿಂತಿದ್ದಾಳೆ ಎಂದು ಆಗಲೇ ಅಳೆಯತೊಡಗಿದ್ದೇನೆ... ಬೇಡ. ಎರಡೂ ಕಿವಿ ಮುಚ್ಚಿಕೊಳ್ಳಬೇಕು. ಅದಕ್ಕೆ ಎರಡೂ ಕೈ ಬೇಕು. ಈ ಪೆನ್ನು